ಸದಾಕೊಗೂ ಒಂದು ಒಳ್ಳೆ ಪ್ರಿಂಟು ಕೊಡಿ ಸ್ವಾಮಿ!

ಒಂದು ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. "ರಿಂಗು ಸಿನಿಮಾನ ಬ್ಲೂ-ರೇನಲ್ಲಿ ನೋಡಬಾರದು ಗುರೂ. ಹಳೇ ವಿಎಚ್‌ಎಸ್ ಟೇಪಲ್ಲಿ ನೋಡಬೇಕು. ಆ ಮಸುಕು, ಆ ಗೆರೆಗಳು, ಆ ಕರಕರ... ಭಯ ಇರೋದೇ ಅದರಲ್ಲಿ!" ಹೀಗೆ ಹೇಳುವವರು ಒಬ್ಬಿಬ್ಬರಲ್ಲ. ಸಿನಿಮಾ ಬಗ್ಗೆ ಚೆನ್ನಾಗಿ ತಿಳಿದವರೇ, ಹತ್ತಾರು ಜಪಾನಿ ಸಿನಿಮಾ ನೋಡಿದವರೇ ಹೇಳ್ತಾರೆ. ಕೇಳೋದಕ್ಕೂ ಸೊಗಸಾಗಿದೆ. ಟೇಪಿನ ಶಾಪದ ಕಥೆಯನ್ನು ಟೇಪಿನಲ್ಲೇ ನೋಡೋದು, ಆಹಾ, ಎಂಥಾ ಹೊಂದಾಣಿಕೆ!

ನನ್ನ ಪ್ರಕಾರ ಇದು ಶುದ್ಧ ತಪ್ಪು. ಬರೀ ತಪ್ಪಲ್ಲ, ಆ ಸಿನಿಮಾ ಮಾಡಿದವರ ಕೆಲಸಕ್ಕೆ ಮಾಡುವ ಅವಮಾನ. ಯಾಕೆ ಅಂತ ಇಲ್ಲಿ ಸ್ವಲ್ಪ ಉದ್ದಕ್ಕೇ ಬರೀತೀನಿ. (ಸಿನಿಮಾ ನೋಡದವರಿಗೆ ಎಚ್ಚರಿಕೆ: ಕಥೆಯ ಗುಟ್ಟೆಲ್ಲ ಮುಂದೆ ರಟ್ಟಾಗಿದೆ. ಬೇಕಾದರೆ ಮೊದಲು ನೋಡಿ ಬನ್ನಿ. ಏಳು ದಿನ ಟೈಮಿದೆ :-))

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. 'ರಿಂಗು' ಜಪಾನಿನಲ್ಲಿ ಬಿಡುಗಡೆಯಾದದ್ದು 1998ರ ಜನವರಿ 31ಕ್ಕೆ. ನಿರ್ದೇಶಕ ಹಿದೆಯೊ ನಕಾತಾ. ಕೋಜಿ ಸುಜುಕಿ 1991ರಲ್ಲಿ ಬರೆದ ಕಾದಂಬರಿಯನ್ನು ಚಿತ್ರಕಥೆ ಮಾಡಿದ್ದು ಹಿರೋಶಿ ತಕಾಹಾಶಿ. ಕ್ಯಾಮರಾ ಜುನಿಚಿರೊ ಹಯಾಶಿ, ಸಂಗೀತ ಕೆಂಜಿ ಕವಾಯ್. (ಜಪಾನಿಯರೂ ನಮ್ಮ ಹಾಗೇ ನೋಡಿ. ಇಂಗ್ಲಿಷ್ ಪದ ಸಿಕ್ಕರೆ ಕೊನೆಗೊಂದು ಉಕಾರ ಅಂಟಿಸದೆ ಬಿಡಲ್ಲ. ನಮ್ಮ ಬಸ್ಸು ಅವರಿಗೆ ಬಸು, ರಿಂಗ್ ಹೋಗಿ ರಿಂಗು!) ಕಥೆ ಇಷ್ಟೇ. ಒಂದು ವಿಡಿಯೋ ಟೇಪು. ಅದನ್ನು ನೋಡಿದ ತಕ್ಷಣ ಫೋನ್ ಬಡಿದುಕೊಳ್ಳುತ್ತೆ, ಏಳನೇ ದಿನಕ್ಕೆ ಸಾವು. ಟಿವಿ ವರದಿಗಾರ್ತಿ ರೇಕೊ ಅಸಕಾವಾ ಅದರ ಬೆನ್ನು ಹತ್ತುತ್ತಾಳೆ, ತಾನೂ ನೋಡುತ್ತಾಳೆ, ವಿಚ್ಛೇದಿತ ಗಂಡ ರ್‍ಯೂಜಿಗೂ ತೋರಿಸುತ್ತಾಳೆ. ಕೊನೆಗೆ ಅವರ ಪುಟ್ಟ ಮಗನೂ ನೋಡಿಬಿಡುತ್ತಾನೆ. 2002ರಲ್ಲಿ ಹಾಲಿವುಡ್ಡಿನಲ್ಲಿ ಗೋರ್ ವರ್ಬಿನ್‌ಸ್ಕಿ ಇದನ್ನೇ 'ದಿ ರಿಂಗ್' ಅಂತ ಮತ್ತೆ ಮಾಡಿದ. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು ಅದೇ.

ಈಗ ವಾದಕ್ಕೆ ಬರೋಣ.

ರಿಂಗು ಟೇಪಿನ ಬಗೆಗಿನ ಸಿನಿಮಾ ನಿಜ. ಆದರೆ ಅದು ಟೇಪಿನಲ್ಲಿ ಚಿತ್ರಿಸಿದ ಸಿನಿಮಾ ಅಲ್ಲ. 35 ಎಂಎಂ ಫಿಲಂನಲ್ಲಿ ಚಿತ್ರಿಸಿದ್ದು. ಈ ಎರಡರ ನಡುವಿನ ವ್ಯತ್ಯಾಸವೇ ಆ ಸಿನಿಮಾದ ಪ್ರಾಣ. ರೇಕೊಳ ಮನೆ, ಆಫೀಸು, ಇಜು ಪ್ರಾಂತ್ಯದ ಆ ಕ್ಯಾಬಿನ್ನು, ಓಶಿಮಾ ದ್ವೀಪದ ಸಮುದ್ರ, ಇವೆಲ್ಲ ಸ್ವಚ್ಛವಾಗಿ, ತಣ್ಣಗೆ, ನಾವು ನೀವು ಓಡಾಡುವ ಜಗತ್ತಿನ ಹಾಗೇ ಕಾಣಬೇಕು. ಅದರ ನಡುವೆ ಆ ಟೇಪಿನ ಚಿತ್ರಗಳು ಬಂದಾಗ ಮಾತ್ರ ಬೇರೆ ಲೋಕದಿಂದ ಬಂದ ಹಾಗೆ ಒರಟಾಗಿ, ಕೊಳೆಯಾಗಿ ಕಾಣಬೇಕು. ಆ ಶಾಪದ ವಿಡಿಯೋವನ್ನೂ ಮೊದಲು ಫಿಲಂನಲ್ಲೇ ತೆಗೆದು, ಆಮೇಲೆ ಲ್ಯಾಬಿನಲ್ಲಿ ಕಂಪ್ಯೂಟರ್ ಬಳಸಿ ಅದಕ್ಕೆ ಆ ಒರಟುತನವನ್ನು ಸೇರಿಸಿದ್ದು. ಅಂದರೆ ಎಷ್ಟು ಕೊಳೆ ಬೇಕು, ಎಲ್ಲಿ ಬೇಕು ಅಂತ ಕೂತು ಅಳೆದು ಹಾಕಿದ್ದಾರೆ. ಅಡುಗೆಯವರು ಅಳೆದು ಉಪ್ಪು ಹಾಕಿದ ಸಾರಿಗೆ ನೀವು ಇನ್ನೊಂದು ಹಿಡಿ ಉಪ್ಪು ಸುರಿದು "ಈಗ ನೋಡಿ, ಇನ್ನೂ ಚೆನ್ನಾಗಿದೆ" ಅಂದರೆ ಹೇಗೆ?

ಎಲ್ಲರಿಗೂ ಗೊತ್ತಿರುವ ಆ ದೃಶ್ಯವನ್ನೇ ತಗೊಳ್ಳಿ. ರ್‍ಯೂಜಿ ಮನೆಯಲ್ಲಿ ಕೂತು ಬರೀತಿದ್ದಾನೆ. ಹಗಲು ಹೊತ್ತು. ಟಿವಿ ತಾನಾಗೇ ಹೊತ್ತಿಕೊಳ್ಳುತ್ತೆ. ಪರದೆಯ ಮೇಲೆ ಬಾವಿ. ಬಾವಿಯಿಂದ ಬಿಳಿ ಬಟ್ಟೆ, ಮುಖ ಮುಚ್ಚಿದ ಕಪ್ಪು ಕೂದಲಿನ ಹುಡುಗಿ ಹತ್ತಿ ಬರ್ತಾಳೆ. ಹತ್ತಿರ, ಇನ್ನೂ ಹತ್ತಿರ. ಇಷ್ಟು ಹೊತ್ತೂ ಅವಳು ಟೇಪು. ಗೆರೆಗೆರೆಯ, ಕಣಕಣದ ಚಿತ್ರ. ಆಮೇಲೆ ಪರದೆ ದಾಟಿ ಚಾಪೆಯ ಮೇಲೆ ಕೈ ಇಡ್ತಾಳೆ. ಆ ಕ್ಷಣದಲ್ಲಿ ಅವಳು ಟೇಪಿನಿಂದ ಫಿಲಂಗೆ ದಾಟುತ್ತಾಳೆ! ರ್‍ಯೂಜಿಯ ಮೇಜು, ಕುರ್ಚಿ, ಕಾಗದ ಯಾವ ವಸ್ತುವಿನಿಂದ ಮಾಡಲ್ಪಟ್ಟಿವೆಯೋ ಅದೇ ವಸ್ತುವಿನಿಂದ ಈಗ ಅವಳೂ ಮಾಡಲ್ಪಟ್ಟಿದ್ದಾಳೆ. ಉಗುರು ಕಿತ್ತುಹೋದ ಬೆರಳುಗಳು ಕಾಣಬೇಕು. ಒದ್ದೆ ಕೂದಲು ಕಾಣಬೇಕು. ಜನ ಬೆಚ್ಚಿದ್ದು ದೆವ್ವ ಬಂತು ಅಂತಲ್ಲ, ದೆವ್ವ ಈ ಕಡೆ ಬಂತು ಅಂತ.

ಈಗ ಇದೇ ದೃಶ್ಯವನ್ನು ಕೊಳೆತ ಟೇಪಿನಲ್ಲೋ, ಕಳಪೆ ಡಿಸ್ಕಿನಲ್ಲೋ ನೋಡಿ. ಟಿವಿಯೊಳಗಿನ ಸದಾಕೊ ಮಸುಕು, ಹೊರಗಿನ ಸದಾಕೊನೂ ಮಸುಕು, ರ್‍ಯೂಜಿಯೂ ಮಸುಕು, ಗೋಡೆಯೂ ಮಸುಕು. ಗಡಿಯೇ ಇಲ್ಲ ಅಂದಮೇಲೆ ದಾಟೋದೇನು ಬಂತು? ಸೊಸೈಟಿ ಅಕ್ಕಿಯ ಚೀಲದಲ್ಲಿ ಒಂದು ಕಲ್ಲು ಹುಡುಕಿದ ಹಾಗಾಯ್ತು.

ಇನ್ನೊಂದು ಉದಾಹರಣೆ. ಸಿನಿಮಾದಲ್ಲಿ ಶಾಪ ತಟ್ಟಿದವರ ಫೋಟೋ ತೆಗೆದರೆ ಮುಖ ಕಲಸಿಹೋಗುತ್ತೆ. ಸತ್ತ ಹುಡುಗ ಹುಡುಗಿಯರ ಫೋಟೋದಲ್ಲಿ ಮೊದಲು ಅದು ಕಾಣುತ್ತೆ. ಆಮೇಲೆ ರ್‍ಯೂಜಿ ಪೋಲರಾಯ್ಡ್‌ನಲ್ಲಿ ರೇಕೊಳ ಫೋಟೋ ತೆಗೆದಾಗ ಅವಳ ಮುಖವೂ ಹಾಗೇ ಆಗಿರುತ್ತೆ. ಅವಳ ಪಾಲಿಗೆ ಅದು ಮರಣಪತ್ರ. ಆ ಫೋಟೋದಲ್ಲಿ ಮುಖ ಮಾತ್ರ ಕಲಸಿರಬೇಕು, ಮಿಕ್ಕಿದ್ದೆಲ್ಲ ಸ್ಪಷ್ಟ ಇರಬೇಕು. ಆಗಲೇ ಎದೆ ಝಲ್ಲೆನ್ನೋದು. ಇಡೀ ಸಿನಿಮಾದಲ್ಲಿ ಎಲ್ಲರ ಮುಖವೂ ಹಾಗೇ ಕಲಸಿದ್ದರೆ ನೋಡುಗನಿಗೆ ಇದು ಸುಳಿವು ಅಂತಲೂ ಹೊಳೆಯೋದಿಲ್ಲ. "ಸಿಡಿ ಸರಿ ಇಲ್ಲ ಅನ್ಸುತ್ತೆ, ಒರೆಸಿ ಹಾಕು" ಅಂತಾನೆ, ಅಷ್ಟೇ.

ಆ ಶಾಪದ ಟೇಪೂ ಹಾಗೇ. ಅದು ಬರೀ ವಿಚಿತ್ರ ಚಿತ್ರಗಳ ಗುಡ್ಡೆ ಅಲ್ಲ, ಬಿಡಿಸಬೇಕಾದ ಒಗಟು. ಕನ್ನಡಿ ಮುಂದೆ ತಲೆ ಬಾಚುವ ಹೆಂಗಸು. ಹುಳುಗಳ ಹಾಗೆ ಹರಿದಾಡುವ ಜಪಾನಿ ಅಕ್ಷರಗಳು, ಅವುಗಳ ನಡುವೆ 'ಜ್ವಾಲಾಮುಖಿ ಸ್ಫೋಟ' ಎಂಬ ಅರ್ಥದ ಪದ. ತಲೆಗೆ ಬಟ್ಟೆ ಹೊದ್ದು ಬೆರಳು ತೋರಿಸುವ ಆಕೃತಿ. ಒಂದು ಕಣ್ಣು, ಅದರೊಳಗೆ ಒಂದೇ ಒಂದು ಅಕ್ಷರ. ಆ ಅಕ್ಷರ ಸದಾಕೊ ಹೆಸರಿನ 'ಸದಾ'. ಅಂದರೆ ಹೆಸರನ್ನು ಮೊದಲೇ ಕಣ್ಣಮುಂದೆ ಇಟ್ಟಿದ್ದಾರೆ. ರೇಕೊ, ರ್‍ಯೂಜಿ ಇಬ್ಬರೂ ಆ ಟೇಪನ್ನು ನಿಲ್ಲಿಸಿ, ಹಿಂದೆ ಮುಂದೆ ಓಡಿಸಿ, ಹಿನ್ನೆಲೆಯ ದನಿಯನ್ನು ಹೆಕ್ಕಿ ತೆಗೆದು, ಯಾವ ಊರಿನ ಭಾಷೆ ಅಂತ ಪತ್ತೆ ಮಾಡ್ತಾರೆ. ಸಿನಿಮಾದ ಅರ್ಧ ಭಾಗ ಇದೇ ಪತ್ತೇದಾರಿಕೆ. ಆ ಇಬ್ಬರಿಗೆ ಕಾಣಿಸಿದ್ದು ನಮಗೂ ಕಾಣಿಸಬೇಕೋ ಬೇಡವೋ? ಎಷ್ಟೋ ಕಳಪೆ ಕಾಪಿಗಳಲ್ಲಿ ಆಡಿದ ಮಾತಿಗೆ ಸಬ್‌ಟೈಟಲ್ ಇರುತ್ತೆ, ತೆರೆಯ ಮೇಲೆ ಬರೆದದ್ದಕ್ಕೆ ಇರೋದಿಲ್ಲ. ಇದ್ದರೂ ಚಿತ್ರದ ಮೇಲೇ ಅಚ್ಚೊತ್ತಿ, ನೋಡಬೇಕಾದ ಜಾಗವನ್ನೇ ಮುಚ್ಚಿರುತ್ತೆ.

ನಡಿಗೆಗೆ ಬರೋಣ. ಸದಾಕೊ ಪಾತ್ರ ಮಾಡಿದ ರಿಯೆ ಇನೋ ಹಿಂದಕ್ಕೆ ನಡೆದದ್ದನ್ನು ಚಿತ್ರಿಸಿ, ಆಮೇಲೆ ಅದನ್ನು ತಿರುಗುಮುರುಗಾಗಿ ಓಡಿಸಿದ್ದಾರೆ. ಅದಕ್ಕೇ ಆ ನಡಿಗೆಯಲ್ಲಿ ಏನೋ ಸರಿಯಿಲ್ಲ ಅಂತ ಅನ್ನಿಸುತ್ತೆ, ಏನು ಅಂತ ಗೊತ್ತಾಗಲ್ಲ. ಇಂಥ ಸೂಕ್ಷ್ಮ ಉಳಿಯಬೇಕಾದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕ ಸರಿಯಾಗಿ ಉಳಿಯಬೇಕು. ಹಳೇ ಹೋಮ್ ವಿಡಿಯೋದಲ್ಲಿ ಆಗ್ತಿದ್ದದ್ದು ಏನು? ಜಪಾನು, ಅಮೆರಿಕ ಎನ್‌ಟಿಎಸ್‌ಸಿ. ಅಲ್ಲಿ 24 ಫ್ರೇಮನ್ನು ಹಿಗ್ಗಿಸಿ ಸುಮಾರು 60 ಅರ್ಧಚಿತ್ರ ಮಾಡ್ತಾರೆ, ಒಂದು ಫ್ರೇಮಿಗೆ ಎರಡು, ಇನ್ನೊಂದಕ್ಕೆ ಮೂರು. ಇಂಗ್ಲೆಂಡು, ಭಾರತ ಪಾಲ್. ಅಲ್ಲಿ 24ನ್ನು 25ರ ವೇಗದಲ್ಲಿ ಓಡಿಸಿಬಿಡ್ತಾರೆ. 96 ನಿಮಿಷದ ಸಿನಿಮಾ 92 ನಿಮಿಷಕ್ಕೇ ಮುಗಿಯುತ್ತೆ, ಜೊತೆಗೆ ಎಲ್ಲರ ದನಿಯೂ ಮುಕ್ಕಾಲು ಸ್ವರದಷ್ಟಲ್ಲದಿದ್ದರೂ ಕಿವಿಗೆ ತಿಳಿಯುವಷ್ಟು ಮೇಲೇರುತ್ತೆ. ಇದಕ್ಕಿಂತ ಕೆಟ್ಟದ್ದು, ಎನ್‌ಟಿಎಸ್‌ಸಿ ಟೇಪನ್ನೇ ಪಾಲ್‌ಗೆ ಪರಿವರ್ತಿಸೋದು. ಆಗ ಎರಡು ಫ್ರೇಮು ಒಂದರ ಮೇಲೊಂದು ಬೆರೆತು ಪ್ರತಿ ಚಲನೆಗೂ ಒಂದು ನೆರಳು ಅಂಟಿಕೊಳ್ಳುತ್ತೆ. ಸಿನಿಮಾದಲ್ಲಿ ಒಂದೇ ದೆವ್ವ ಇದ್ದದ್ದು, ಇಲ್ಲಿ ರೇಕೊಗೂ ದೆವ್ವ, ಮಗನಿಗೂ ದೆವ್ವ, ಕಾರಿಗೂ ದೆವ್ವ!

ಅಗಲದ ಲೆಕ್ಕವನ್ನೂ ಹೇಳಿಬಿಡ್ತೀನಿ. ಈ ಸಿನಿಮಾದ ಅಳತೆ 1.85:1. ಅಂಥ ಚಿತ್ರವನ್ನು ಹಳೇ ಚೌಕ ಟಿವಿಯ ಅಳತೆಗೆ ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ ಡಿವಿಡಿ ಮಾಡಿದರೆ, 480 ಗೆರೆಗಳಲ್ಲಿ ಚಿತ್ರಕ್ಕೆ ಸಿಗೋದು ಬರೀ 346. ಅದನ್ನೇ ಅಗಲ ಪರದೆಗೆ ಸರಿಯಾಗಿ ಮಾಡಿದ್ದರೆ 461. ಅದೇ ಡಿಸ್ಕು, ಅದೇ ದುಡ್ಡು. ಸುಮ್ಮನೆ ಸೋಮಾರಿತನಕ್ಕೆ ನೂರಕ್ಕೂ ಹೆಚ್ಚು ಗೆರೆ ನೀರುಪಾಲು.

ಇನ್ನು ಕತ್ತಲೆ. ಹಾರರ್ ಸಿನಿಮಾದಲ್ಲಿ ಕತ್ತಲೆಯೇ ಅರ್ಧ ಪಾತ್ರ. ಆದರೆ ವಿಡಿಯೋ ಕಂಪ್ರೆಷನ್ ಅನ್ನೋದು ಕತ್ತಲೆಯ ಹುಟ್ಟು ವೈರಿ. ಎಂಪೆಗ್ ಚಿತ್ರವನ್ನು 8x8 ಚುಕ್ಕಿಗಳ ಚೌಕಗಳಾಗಿ ಕತ್ತರಿಸುತ್ತೆ. ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ಬೀಳದ ಸಣ್ಣ ವಿವರ ಯಾವುದು ಅಂತ ಲೆಕ್ಕ ಹಾಕಿ ಅದನ್ನು ಬಿಸಾಡುತ್ತೆ. ಬಿಟ್‌ರೇಟ್ ಕಡಿಮೆಯಿದ್ದಷ್ಟೂ ಬಿಸಾಡೋದು ಹೆಚ್ಚು. ಮಂಕು ಬೆಳಕಿನ ಗೋಡೆ, ಬಾವಿಯೊಳಗಿನ ಕಪ್ಪು, ಕೂದಲಿನ ಎಳೆಗಳು, ಫಿಲಂ ಮೇಲಿನ ರವೆಯಂಥ ಗ್ರೇನ್ ಎಲ್ಲ ಈ ಲೆಕ್ಕದಲ್ಲಿ 'ಬಿಸಾಡಬಹುದಾದ ವಿವರ'. ಅದರ ಮೇಲೆ ಎಂಟು ಬಿಟ್ಟಿನ ವಿಡಿಯೋದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಇರೋದೇ 220 ಮೆಟ್ಟಿಲು. ಕತ್ತಲೆಯ ಪಾಲಿಗೆ ಬರೋದು ಅದರಲ್ಲಿ ಕೆಳಗಿನ ಕೆಲವೇ ಕೆಲವು. ಹಾಗಾಗಿ ಮೆಲ್ಲಗೆ ಕರಗಬೇಕಾದ ಕತ್ತಲೆ ಮೆಟ್ಟಿಲು ಮೆಟ್ಟಿಲಾಗಿ, ಚೌಕ ಚೌಕವಾಗಿ ಕುಣಿಯೋಕೆ ಶುರು ಮಾಡುತ್ತೆ. ರಿಂಗು ಬಾವಿಯ ದೃಶ್ಯವನ್ನು ಕೆಟ್ಟ ಡಿಸ್ಕಿನಲ್ಲಿ ನೋಡಿದರೆ ಬಾವಿಯ ಗೋಡೆಗೆ ಬಾತ್‌ರೂಮ್ ಟೈಲ್ಸ್ ಹಾಕಿಸಿದ ಹಾಗಿರುತ್ತೆ.

"ಭಯ ಇರೋದು ಕಾಣದೇ ಇರೋದರಲ್ಲಿ" ಅಂತ ವಾದ ಮಾಡುವವರಿಗೆ ನನ್ನ ಪ್ರಶ್ನೆ ಇಷ್ಟೇ. ಏನು ಕಾಣಬಾರದು ಅಂತ ತೀರ್ಮಾನ ಮಾಡಬೇಕಾದವರು ಯಾರು? ನಕಾತಾ ಮತ್ತು ಹಯಾಶಿಯೋ ಅಥವಾ ಯಾವುದೋ ಡಿಸ್ಕ್ ಕಂಪನಿಯಲ್ಲಿ ಬಿಟ್‌ರೇಟ್ ಬಾಕ್ಸಿನಲ್ಲಿ ಬಾಯಿಗೆ ಬಂದ ನಂಬರ್ ಹಾಕಿದವನೋ? ಸದಾಕೊಳ ಮುಖವನ್ನು ಕೂದಲಿನಿಂದ ಮುಚ್ಚಿದ್ದು ನಿರ್ದೇಶಕ. ಅದು ಕಲೆ. ಕೂದಲನ್ನೂ ಕಾಣದ ಹಾಗೆ ಮುಚ್ಚಿದ್ದು ಕಂಪ್ರೆಷನ್. ಅದು ಕಳಪೆ ಕೆಲಸ. ಇವೆರಡನ್ನೂ ಒಂದೇ ಅನ್ನೋದು, ನಮ್ಮ ಆಫೀಸುಗಳಲ್ಲಿ ಡೆಡ್‌ಲೈನ್ ಹಿಂದಿನ ರಾತ್ರಿ "ಇದು ಬಗ್ ಅಲ್ಲ ಸಾರ್, ಫೀಚರ್" ಅಂತಾರಲ್ಲ, ಆ ಜಾತಿಯ ಮಾತು.

ಇಲ್ಲಿ ಒಂದು ಗಟ್ಟಿ ಪ್ರತಿವಾದ ಇದೆ, ಅದನ್ನು ಮರೆಸಿ ಮುಂದೆ ಹೋಗೋದು ನ್ಯಾಯ ಅಲ್ಲ. ಜಪಾನಿ ಹಾರರ್ ಬೆಳೆದದ್ದೇ ವಿಡಿಯೋ ಟೇಪಿನ ಮೇಲೆ ಅಂತ ಹೇಳ್ತಾರೆ. ನಿಜ. ಥಿಯೇಟರಿಗೆ ಹೋಗದೆ ನೇರ ಟೇಪಿಗೆ ಬರುವ ಸಿನಿಮಾಗಳ ಪದ್ಧತಿ 1989ರಲ್ಲಿ ತೋಯೆಯ್ ಕಂಪನಿಯ 'ವಿ-ಸಿನೆಮಾ'ದಿಂದ ಅಲ್ಲಿ ಜೋರಾಯ್ತು. ನೊರಿಯೊ ತ್ಸುರುತಾ 1990ರ ದಶಕದ ಶುರುವಿನಲ್ಲಿ ಟೇಪಿಗೆಂದೇ ಮಾಡಿದ ಪುಟ್ಟ ದೆವ್ವದ ಕಥೆಗಳಿಂದ ಮುಂದಿನ ಪೀಳಿಗೆಯ ನಿರ್ದೇಶಕರು ಕಲಿತರು. ತಕಾಶಿ ಶಿಮಿಜುವಿನ 'ಜು-ಆನ್' ಕೂಡ 2000ದಲ್ಲಿ ಮೊದಲು ಬಂದದ್ದು ನೇರ ವಿಡಿಯೋಗೇ. ಆ ಸಿನಿಮಾಗಳನ್ನು ಟೇಪಿನ ಗುಣದಲ್ಲಿ ನೋಡಿ, ನನ್ನ ತಕರಾರಿಲ್ಲ. ಅವು ಹುಟ್ಟಿದ್ದೇ ಹಾಗೆ. ಅವನ್ನು ಬಲವಂತವಾಗಿ ತಿಕ್ಕಿ ಹೊಳಪು ಮಾಡಿದರೂ ನಾನು ಹೀಗೇ ಬೈತೀನಿ. ಆದರೆ ಅದೇ ಕಾರಣಕ್ಕೆ ರಿಂಗು ಬೇರೆ. ಅದು ಹುಟ್ಟಿದ್ದು ಫಿಲಂನಲ್ಲಿ, ಥಿಯೇಟರಿಗೆ. ಅವರವರು ಹುಟ್ಟಿದ ರೂಪದಲ್ಲಿ ಅವರವರನ್ನು ತೋರಿಸಿ ಅನ್ನೋದಷ್ಟೇ ನನ್ನ ವಾದ.

ಎರಡನೇ ಪ್ರತಿವಾದ ಹೊಟ್ಟೆಗೆ ಸಂಬಂಧಪಟ್ಟದ್ದು. "ಸಿಗೋದೇ ಹೆಚ್ಚು. ಕಳಪೆ ಕಾಪಿ ಇಲ್ಲದಿದ್ದರೆ ನಾವು ಈ ಸಿನಿಮಾಗಳನ್ನು ನೋಡ್ತಲೇ ಇರಲಿಲ್ಲ." ಒಪ್ಪಿದೆ. ಬೆಂಗಳೂರಿನಲ್ಲಿ ಕೂತು ಜಪಾನಿ ಸಿನಿಮಾ ನೋಡಿದವರು ಮೊದಲು ನೋಡಿದ್ದು ಮಾರ್ಕೆಟ್ಟಿನ ಕಳ್ಳ ಸಿಡಿಗಳಲ್ಲೇ, ಆಮೇಲೆ ಡೌನ್‌ಲೋಡಿನಲ್ಲಿ. ವಿಸಿಡಿ ಅಂದರೆ 352x288 ಚುಕ್ಕಿ. ಬ್ಲೂ-ರೇ 1920x1080. ಇಪ್ಪತ್ತು ಪಟ್ಟು ವ್ಯತ್ಯಾಸ! ಆದರೂ ಅದರಿಂದಲೇ ಒಂದು ಪೀಳಿಗೆಯ ಸಿನಿಮಾ ಹುಚ್ಚು ಶುರುವಾಯ್ತು. ಹಸಿದವನಿಗೆ ಹಳಸಿದ ಅನ್ನವೂ ಅನ್ನವೇ, ಅದಕ್ಕೆ ಕೈ ಮುಗಿಯೋಣ. ಆದರೆ ಹಳಸಿದ್ದೇ ರುಚಿ ಅಂತ ಬಿಸಿ ಅನ್ನ ಬಡಿಸಲು ಬಂದವನನ್ನು ವಾಪಸ್ ಕಳಿಸಬೇಡಿ.

ಮತ್ತೆ ಬಿಸಿ ಅನ್ನ ಬಂದಿದೆ ಕೂಡ. 2019ರಲ್ಲಿ ಇಂಗ್ಲೆಂಡಿನ ಆರೋ ವಿಡಿಯೋ ಸಂಸ್ಥೆ ರಿಂಗುವಿನ ಮೂಲ ಕ್ಯಾಮರಾ ನೆಗೆಟಿವ್‌ನಿಂದ ಮಾಡಿದ 4ಕೆ ರಿಸ್ಟೋರೇಷನ್ನಿನ ಬ್ಲೂ-ರೇ ತಂದಿತು. ಛಾಯಾಗ್ರಾಹಕ ಹಯಾಶಿಯೇ ನೋಡಿ ಒಪ್ಪಿಗೆ ಕೊಟ್ಟದ್ದು. ಚಿತ್ರ ತೆಗೆದವನೇ "ನಾನು ತೆಗೆದದ್ದು ಹೀಗೆ" ಅಂದಮೇಲೆ, "ಇಲ್ಲ ಸಾರ್, ನಿಮಗೆ ಗೊತ್ತಿಲ್ಲ, ಇದು ಮಸುಕಾಗಿಯೇ ಇರಬೇಕು" ಅನ್ನೋಕೆ ನಾವು ಯಾರು?

ಸಿಕ್ಕಿದ್ದರಲ್ಲಿ ತೃಪ್ತಿ ಪಡಿ ಅನ್ನುವವರಿಗೆ ಇನ್ನೊಂದು ಜಪಾನಿ ದೆವ್ವದ ಚಿತ್ರದ ಕಥೆ ಹೇಳಬೇಕು. ಮಸಾಕಿ ಕೊಬಯಾಶಿಯ 'ಕ್ವೈದಾನ್', 1964ರದ್ದು. ನಾಲ್ಕು ಕಥೆಗಳು, 183 ನಿಮಿಷ. 1965ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಪಡೆದದ್ದು. ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಹಿಮದ ಹೆಣ್ಣಿನ ಕಥೆಯನ್ನೇ ಕಿತ್ತು ಹಾಕಿದ್ದರು. 2000ದಲ್ಲಿ ಅಲ್ಲಿ ಬಂದ ಡಿವಿಡಿಯಲ್ಲಿ ನಾಲ್ಕೂ ಕಥೆ ಇತ್ತು, ಆದರೆ ಅವಧಿ 161 ನಿಮಿಷ. ಪೂರ್ತಿ 183 ನಿಮಿಷದ ಡಿಸ್ಕು ಅಮೆರಿಕದವರ ಕೈಗೆ ಬಂದದ್ದು 2015ರಲ್ಲಿ. ಸಿನಿಮಾ ಬಂದು 51 ವರ್ಷಕ್ಕೆ! ಆ ಐವತ್ತು ವರ್ಷವೂ "ಸಿಗೋದೇ ಹೆಚ್ಚು" ಅಂತ ಎಲ್ಲರೂ ಸುಮ್ಮನಿದ್ದಿದ್ದರೆ ಆ 22 ನಿಮಿಷ ಇವತ್ತಿಗೂ ಬರ್ತಿರಲಿಲ್ಲ. ಗೊಣಗುವವರು ಇದ್ದದ್ದಕ್ಕೇ ಬಂತು.

ಹಾಗಂತ ಕಂಪನಿಗಳನ್ನು ಹೊಗಳೋಕೆ ನಾನಿಲ್ಲಿ ಕೂತಿಲ್ಲ. ಅವರ ಪಾಪ ದೊಡ್ಡದಿದೆ. ಮೊದಲನೇದು ರೀಜನ್ ಕೋಡ್ ಅನ್ನೋ ದರಿದ್ರ. ಡಿವಿಡಿಯಲ್ಲಿ ಅಮೆರಿಕ 1, ಜಪಾನು ಮತ್ತು ಯೂರೋಪು 2, ಭಾರತ 5. ಬ್ಲೂ-ರೇನಲ್ಲಿ ಜಪಾನು ಮತ್ತು ಅಮೆರಿಕ 'ಎ', ಇಂಗ್ಲೆಂಡು 'ಬಿ', ನಾವು 'ಸಿ'. ಅಂದರೆ ನಾನು ಪ್ರಾಮಾಣಿಕವಾಗಿ ದುಡ್ಡು ಕೊಟ್ಟು, ಅಂಚೆ ಖರ್ಚು ಕೊಟ್ಟು, ಕಸ್ಟಮ್ಸ್ ಸುಂಕ ಕಟ್ಟಿ ಲಾಕ್ ಆಗಿರುವ ಡಿಸ್ಕನ್ನು ತರಿಸಿದರೆ ನನ್ನ ಪ್ಲೇಯರ್ "ಇದು ನಿನ್ನ ಊರಿನದ್ದಲ್ಲ" ಅಂತ ಮುಖ ತಿರುಗಿಸುತ್ತೆ. ಕದ್ದು ಡೌನ್‌ಲೋಡ್ ಮಾಡಿದವನಿಗೆ ಈ ತಲೆನೋವು ಒಂದೂ ಇಲ್ಲ, ಡಬಲ್ ಕ್ಲಿಕ್ ಮಾಡಿ ನೋಡ್ತಾನೆ. ದುಡ್ಡು ಕೊಟ್ಟವನಿಗೆ ದಂಡ, ಕದ್ದವನಿಗೆ ಹಬ್ಬ. ಇಂಥ ವ್ಯವಸ್ಥೆ ಮಾಡಿಟ್ಟು ಆಮೇಲೆ ಪೈರಸಿ ಬಗ್ಗೆ ಕಣ್ಣೀರು ಹಾಕಿದರೆ ಅದನ್ನು ಒರೆಸೋರು ಯಾರು?

ಎರಡನೇ ಪಾಪ ಅತಿ ಶುದ್ಧೀಕರಣ. ಗ್ರೇನ್ ಅಂದರೆ ಕೊಳೆ ಅಂತ ತಿಳಿದು ಸಾಫ್ಟ್‌ವೇರ್ ಹಾಕಿ ಒರೆಸಿಬಿಡೋದು. 2010ರಲ್ಲಿ ಬಂದ 'ಪ್ರಿಡೇಟರ್' ಬ್ಲೂ-ರೇ ನೋಡಿದವರಿಗೆ ಗೊತ್ತು, ಅರ್ನಾಲ್ಡ್ ಮುಖ ಮೇಣದ ಬೊಂಬೆಯಾಗಿತ್ತು. 2024ರಲ್ಲಿ ಬಂದ ಜೇಮ್ಸ್ ಕ್ಯಾಮರಾನ್‌ನ 'ಏಲಿಯನ್ಸ್', 'ಟ್ರೂ ಲೈಸ್' 4ಕೆ ಡಿಸ್ಕುಗಳೂ ಇದೇ ಕಾರಣಕ್ಕೆ ಸಾಕಷ್ಟು ಬೈಸಿಕೊಂಡವು. ಈಗಂತೂ ಯಂತ್ರಕ್ಕೆ ಕಲಿಸಿ ಇಲ್ಲದ ವಿವರವನ್ನು ಊಹಿಸಿ ಬರೆಸುವ ಕಾಲ. ಇದನ್ನು ರಿಂಗುವಿನ ಮೇಲೆ ಹರಿಯಬಿಟ್ಟರೆ ಏನಾಗುತ್ತೆ ಯೋಚಿಸಿ. ಆ ಕಲಸಿಹೋದ ಫೋಟೋಗಳನ್ನು ಯಂತ್ರ ನೋಡುತ್ತೆ. "ಓಹ್, ಮುಖ ಮಸುಕಾಗಿದೆ, ಸರಿ ಮಾಡೋಣ" ಅಂತ ಅಲ್ಲೊಂದು ಚೆಂದದ ಮೂಗು, ಎರಡು ಕಣ್ಣು ಬರೆದು ಕೊಡುತ್ತೆ. ಶಾಪ ವಿಮೋಚನೆ ಆಯ್ತು, ಸಿನಿಮಾನೂ ಮುಗೀತು! ಮಸುಕು ಮಾಡುವವರೂ, ಅತಿಯಾಗಿ ತಿಕ್ಕುವವರೂ ಒಂದೇ ತಪ್ಪನ್ನು ಎರಡು ಕಡೆಯಿಂದ ಮಾಡ್ತಿದ್ದಾರೆ. ಯಾವ ಮಸುಕು ಬೇಕಂತಲೇ ಇಟ್ಟದ್ದು, ಯಾವುದು ಆಮೇಲೆ ಅಂಟಿಕೊಂಡದ್ದು ಅಂತ ಬೇರೆ ಮಾಡಿ ನೋಡುವ ತಾಳ್ಮೆ ಇಬ್ಬರಿಗೂ ಇಲ್ಲ.

"ಜಪಾನಿನ ದೆವ್ವಕ್ಕೆ ನೀನ್ಯಾಕಪ್ಪಾ ತಲೆ ಕೆಡಿಸಿಕೊಳ್ತೀಯ?" ಅಂತ ಕೇಳಬಹುದು. ಯಾಕಂದರೆ ಇದೇ ಮನೋಭಾವ ನಮ್ಮ ಮನೆಯ ಸಿನಿಮಾಗಳನ್ನೂ ತಿಂದು ಹಾಕಿದೆ. ಒಂದೇ ಡಿವಿಡಿಯಲ್ಲಿ ಮೂರು ಕನ್ನಡ ಸಿನಿಮಾ ತುಂಬಿ ಮಾರ್ತಿದ್ದರಲ್ಲ, ನೆನಪಿದೆಯಾ? ಲೆಕ್ಕ ಹಾಕಿ. ಎರಡೂವರೆ ಗಂಟೆಯ ಮೂರು ಸಿನಿಮಾ ಅಂದರೆ 27,000 ಸೆಕೆಂಡು. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ, ಅಂದರೆ 37,600 ಮೆಗಾಬಿಟ್. ಸೆಕೆಂಡಿಗೆ ಸಿಕ್ಕಿದ್ದು 1.39 ಮೆಗಾಬಿಟ್, ಅದರಲ್ಲೇ ಧ್ವನಿಯೂ ಸೇರಿ. ವಿಸಿಡಿಯಲ್ಲಿ ಚಿತ್ರ, ಧ್ವನಿ ಎರಡೂ ಸೇರಿ 1.37. ಡಿವಿಡಿ ಅಂತ ಹೆಸರು, ಒಳಗೆ ಇರೋದು ವಿಸಿಡಿ! ಇದರ ಮೇಲೆ ಮೂಲೆಯಲ್ಲಿ ಕಂಪನಿಯ ಲಾಂಛನ, ಹಾಡಿನ ಮಧ್ಯೆ ಫೋನ್ ನಂಬರ್. ಹಾಗೆ ಬಂದ ಪ್ರಿಂಟುಗಳೇ ಎಷ್ಟೋ ಇವತ್ತು ಯೂಟ್ಯೂಬಿಗೆ ಏರಿ ಕೂತಿವೆ. ಎಷ್ಟೋ ಸಿನಿಮಾಗಳಿಗೆ ನಮ್ಮಂಥವರ ಕೈಗೆ ಸಿಗೋದು ಅದೊಂದೇ. ಇವತ್ತು ಅದನ್ನು ನೋಡುವ ಹುಡುಗ "ಹಳೇ ಕನ್ನಡ ಸಿನಿಮಾ ಅಂದರೆ ಹೀಗೇ, ಮುಖ ಕಾಣಲ್ಲ, ಬಣ್ಣ ಇರಲ್ಲ" ಅಂತ ತಿಳಿದರೆ ತಪ್ಪು ಅವನದ್ದಲ್ಲ.

ಹಾಗಿಲ್ಲ ಅಂತ ತೋರಿಸಿಕೊಟ್ಟದ್ದೂ ಇದೆ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಫಿಲಂ ಹೆರಿಟೇಜ್ ಫೌಂಡೇಶನ್, ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಜೊತೆ ಸೇರಿ ರಿಸ್ಟೋರ್ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಒಂದು ಚಿತ್ರಕ್ಕೆ ಆಗುತ್ತೆ ಅಂದರೆ ನೂರಕ್ಕೂ ಆಗುತ್ತೆ. ಕೇಳುವವರು ಬೇಕು. ಕೇಳದೇ ಹೋದದ್ದಕ್ಕೆ ಉದಾಹರಣೆ ನಮ್ಮ ಮೊದಲ ಟಾಕಿ, 1934ರ 'ಸತಿ ಸುಲೋಚನಾ'. ಅದರ ಒಂದು ಪ್ರಿಂಟೂ ಉಳಿದಿಲ್ಲ.

ಹಾಗಾಗಿ ನನ್ನ ಬೇಡಿಕೆಗಳು ಇಷ್ಟು:

1. ಮೂಲ ನೆಗೆಟಿವ್ ಇದ್ದರೆ ಅದರಿಂದಲೇ ಡಿಸ್ಕು ಮಾಡಿ. ಯಾವ ಮೂಲದಿಂದ ಮಾಡಿದ್ದು ಅಂತ ಡಬ್ಬಿಯ ಮೇಲೆ ಬರೀರಿ. ಬಿಸ್ಕತ್ತಿನ ಪ್ಯಾಕೆಟ್ಟಿನ ಮೇಲೇ ಏನೇನು ಹಾಕಿದೆ ಅಂತ ಬರೀತಾರೆ, ಇದಕ್ಕೇನು ಕಷ್ಟ?

2. ಗ್ರೇನ್ ಮುಟ್ಟಬೇಡಿ. ಅದು ಧೂಳಲ್ಲ, ಚರ್ಮ.

3. ಸಬ್‌ಟೈಟಲ್ ಬೇಕಾದಾಗ ಹಾಕಿ ತೆಗೆಯುವ ಹಾಗಿರಲಿ. ಆಡಿದ ಮಾತಿಗಷ್ಟೇ ಅಲ್ಲ, ತೆರೆಯ ಮೇಲಿನ ಬರಹಕ್ಕೂ ಇರಲಿ.

4. ರೀಜನ್ ಲಾಕ್ ತೆಗೀರಿ. ದುಡ್ಡು ಕೊಡ್ತೀವಿ ಅಂದರೂ ಬಾಗಿಲು ಹಾಕಿದರೆ ಜನ ಹಿತ್ತಲಿನಿಂದ ಬರ್ತಾರೆ.

5. ಇದು ನೋಡುವ ನಮಗೆ: ನಿಮ್ಮ ಹೊಸ ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಆಯ್ಕೆ ಒಂದಿರುತ್ತೆ, ಈಗಲೇ ಎದ್ದು ಹೋಗಿ ಆಫ್ ಮಾಡಿ. 24 ಫ್ರೇಮಿನ ನಡುವೆ ಇಲ್ಲದ ಫ್ರೇಮುಗಳನ್ನು ತುಂಬಿ ಅದು ಸದಾಕೊಳ ನಡಿಗೆಯನ್ನು ಧಾರಾವಾಹಿಯ ಅತ್ತೆಯ ನಡಿಗೆ ಮಾಡಿಬಿಡುತ್ತೆ.

ಟೇಪಿನ ಮೇಲಿನ ಪ್ರೀತಿ ನನಗೆ ಅರ್ಥ ಆಗುತ್ತೆ. ಅದು ನಮ್ಮ ಬಾಲ್ಯದ, ನಮ್ಮ ಅಣ್ಣ ಅಕ್ಕಂದಿರ ಬಾಲ್ಯದ ಮೇಲಿನ ಪ್ರೀತಿ. ಇರಲಿ. ಆದರೆ ಟೇಪು ಉಳಿಯುವ ವಸ್ತು ಅಲ್ಲ. ವಿಸಿಆರ್ ಮಾಡ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನದ್ದೇ ಫುನಾಯ್, 2016ರ ಜುಲೈನಲ್ಲಿ ಆ ತಯಾರಿಕೆಯನ್ನು ನಿಲ್ಲಿಸಿತು. ಇರುವ ಟೇಪುಗಳು ದಿನೇ ದಿನೇ ಸವೆಯುತ್ತಿವೆ. ಟೇಪಿನಿಂದ ಟೇಪಿಗೆ ಕಾಪಿ ಮಾಡಿದರೆ ಪ್ರತಿ ಸಲವೂ ಒಂದಿಷ್ಟು ಕಳೆದುಹೋಗುತ್ತೆ. ರೇಕೊ ಬದುಕಿ ಉಳಿದದ್ದು ಆ ಟೇಪನ್ನು ಕಾಪಿ ಮಾಡಿ ಇನ್ನೊಬ್ಬರಿಗೆ ತೋರಿಸಿದ್ದಕ್ಕೆ ತಾನೆ? ಎಂಜಿನಿಯರ್ ತಲೆಯಿಂದ ನೋಡಿದರೆ ಹತ್ತನೇ ಕಾಪಿಯ ಹೊತ್ತಿಗೆ ಸದಾಕೊ ಬರೀ ಬಿಳಿ ಮಚ್ಚೆ. ಇಪ್ಪತ್ತನೇ ಕಾಪಿಗೆ ಅವಳಿಗೇ ಹೊರಗೆ ಬರೋ ದಾರಿ ಕಾಣಲ್ಲ, ಪಾಪ :-)

ಸಿನಿಮಾ ಉಳಿಯೋದೂ ಕಾಪಿ ಆಗಿ ಕೈಯಿಂದ ಕೈಗೆ ದಾಟಿದರೆ ಮಾತ್ರ. ಹಾಗಾಗಿ ನಾವು ಮುಂದಿನವರ ಕೈಗೆ ಕೊಡುವ ಕಾಪಿ ಯಾವುದು ಅನ್ನೋದು ಸಣ್ಣ ವಿಷಯ ಅಲ್ಲ. "ಮಸುಕೇ ಚೆಂದ" ಅಂತ ನಾವೇ ಸಾರಿದರೆ ಕಂಪನಿಯವರಿಗೆ ಅಷ್ಟೇ ಸಾಕು, ಅವರು ಅದನ್ನೇ ಹೊಸ ಡಬ್ಬಿಯಲ್ಲಿ ಹಾಕಿ ಮಾರ್ತಾರೆ.

ಇದಕ್ಕೆ ಒಪ್ಪದವರು ನಿಮ್ಮ ನಿಮ್ಮ ಬ್ಲಾಗುಗಳಲ್ಲಿ ಉತ್ತರ ಬರೀರಿ, ಓದ್ತೀನಿ, ಜಗಳಕ್ಕೂ ಬರ್ತೀನಿ. ಒಂದೇ ಷರತ್ತು. ಬರೆಯೋ ಮೊದಲು ಒಂದು ಸಲ ರಿಂಗುವನ್ನು ಆ ನೆಗೆಟಿವ್‌ನಿಂದ ಮಾಡಿದ ಪ್ರಿಂಟಿನಲ್ಲಿ, ದೀಪ ಆರಿಸಿ, ಫೋನ್ ಪಕ್ಕದಲ್ಲಿಟ್ಟುಕೊಂಡು ನೋಡಿ. ಮುಗಿದ ಮೇಲೆ ಫೋನ್ ರಿಂಗಾದರೆ ಎತ್ತಿ, ನಾನೇ ಮಾಡಿರ್ತೀನಿ.